ತಲೆ ಕಡೆಯ ಹಗ್ಗ

ಅಣ್ಣ ಎರಡನೆಯ ಮೊಟ್ಟೆಗೆ ಕೈ ಹಾಕಿದಾಗ ತಮ್ಮನ ಎದೆ ಧಸಕ್ಕೆಂದಿತು. ಅಣ್ಣ ಅದನ್ನು ತಟ್ಟೆಯ ಅಂಚಿಗೆ ಕುಟ್ಟಿ, ಸಿಪ್ಪೆಯನ್ನು ಚೂರು ಚೂರಾಗಿ ಬಿಡಿಸಿ ಒಂದು ಕಡೆ ಗುಡ್ಡೆ ಮಾಡಿ, ಉಪ್ಪು ಉದುರಿಸಿಕೊಳ್ಳುವುದನ್ನು ಅವನು ಲೋಟದ ಮೇಲಿಂದ ನೋಡುತ್ತ ಕುಳಿತ. ಹೊಟ್ಟೆಯ ಆಪರೇಷನ್ ಆದ ಮೇಲೆ ಅಣ್ಣನ ಕೆಲಸಗಳೆಲ್ಲ ಹೀಗೆ ನಿಧಾನವಾಗಿದ್ದವು. ಒಂದು ಕಾಲಕ್ಕೆ ಗೋದಾಮಿನಲ್ಲಿ ಸಿಮೆಂಟಿನ ಮೂಟೆಗಳನ್ನು ತಲೆದಿಂಬಿನ ಹಾಗೆ ಎತ್ತಿ ಹಾಕುತ್ತಿದ್ದ ಕೈಗಳು ಈಗ ಅಂಗಿಯ ತೋಳಿನೊಳಗೆ ಎಲ್ಲಿವೆ ಎಂದು ಹುಡುಕಬೇಕಿತ್ತು. ಕಾಲರಿನ ನಡುವೆ ಕುತ್ತಿಗೆ, ಬೇರೆಯವರ ಮನೆಗೆ ಬಂದು ಕೂತ ಹಾಗೆ, ಸಂಕೋಚದಿಂದ ಕೂತಿತ್ತು. 'ಇವತ್ತು ಹಸಿವು ಚೆನ್ನಾಗಿದೆ ನೋಡು,' ಎಂದು ಅತ್ತಿಗೆ ನಕ್ಕಳು. 'ನೀನು ಕರ್ಕೊಂಡು ಹೋಗ್ತಿರೋದಕ್ಕೇ ಇದು. ಹೊರಗಿನ ಗಾಳಿ ಬಿದ್ರೆ ಯಾರಿಗಾದ್ರೂ ಹಸಿವಾಗುತ್ತೆ.' ಅವನು ಹೂಂ ಎಂದ. ಹೊರಗಿನ ಗಾಳಿ ಎಂಬ ಮಾತು ಅವನದೇ. ಅಣ್ಣನನ್ನು ಒಪ್ಪಿಸುವುದಕ್ಕೆ ಅತ್ತಿಗೆಯ ಎದುರಿಗೆ ಅವನೇ ಆಡಿದ್ದು. ಮೊಟ್ಟೆಯ ತುಂಡು ಅಣ್ಣನ ಗಂಟಲಲ್ಲಿ ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ, ಯಾವ ಎಲುಬಿನ ಮೇಲೆ ಹೋಗಿ ಕೂರುತ್ತದೆ, ಇನ್ನೆಷ್ಟು ದಿನ ಹೀಗೆ ತಿಂದರೆ ಅಣ್ಣ ತೂಕದಲ್ಲಿ ತನ್ನನ್ನು ದಾಟುತ್ತಾನೆ? 'ಏನೋ ಹಾಗೆ ನೋಡ್ತೀಯ, ಬೇಕಾ?' ಎಂದು ಅಣ್ಣ ಉಳಿದರ್ಧವನ್ನು ಅವನತ್ತ ಚಾಚಿದ. ಅವನಿಗೆ ಹಸಿವಿರಲಿಲ್ಲ. ಅಷ್ಟಾದರೂ ಕಡಿಮೆಯಾಯಿತು ಎಂದುಕೊಂಡು ಇಸಿದುಕೊಂಡು ಬಾಯಿಗೆ ಹಾಕಿಕೊಂಡ.

ಬಡಾವಣೆಯ ನಾಗರಿಕ ರಕ್ಷಣಾ ದಳದಲ್ಲಿ ಅವನನ್ನು ಎಲ್ಲರೂ ಗಾಯಾಳು ಎಂದೇ ಕರೆಯುತ್ತಿದ್ದರು. ಆಪತ್ತು ಬಂದಾಗ ಸರ್ಕಾರ ಎಲ್ಲ ಕಡೆಗೂ ಓಡಿ ಬರಲಾರದು, ಆದ್ದರಿಂದ ಪ್ರತಿ ಬಡಾವಣೆಯಲ್ಲೂ ಸ್ವಇಚ್ಛೆಯಿಂದ ಮುಂದೆ ಬರುವ ನಾಗರಿಕರನ್ನು ಸಜ್ಜುಗೊಳಿಸತಕ್ಕದ್ದು ಎಂದು ಆದೇಶವಾಗಿತ್ತು. ಯಾವ ಆಪತ್ತು ಎಂದು ಆದೇಶ ಹೇಳಿರಲಿಲ್ಲ. ಬಾಂಬು, ಭೂಕಂಪ, ಬೆಂಕಿ, ಪ್ರವಾಹ ಎಲ್ಲಕ್ಕೂ ತರಬೇತಿ ಒಂದೇ. ಬೀದಿಗೊಬ್ಬ ವಾರ್ಡನ್, ಯಾವ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಎನ್ನುವುದು ಅವನಿಗೆ ತಿಳಿದಿರಬೇಕು. ಬೆಂಕಿ ಆರಿಸುವವರದು ಒಂದು ತಂಡ, ಪ್ರಥಮ ಚಿಕಿತ್ಸೆಯವರದು ಒಂದು, ಬಿದ್ದ ಕಟ್ಟಡದೊಳಗಿಂದ ಜನರನ್ನು ಇಳಿಸುವ ರಕ್ಷಣಾ ತಂಡ ಇನ್ನೊಂದು. ನೀರಿನ ಮೀಟರು ಓದುವ ಕೆಲಸದ ಅವನು ಸೇರಿದ್ದು ರಕ್ಷಣಾ ತಂಡಕ್ಕೆ. ದಿನವಿಡೀ ಯಾರದೋ ಕಾಂಪೌಂಡಿನ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಗಾಜಿನ ಮೇಲಿನ ಮಣ್ಣು ಒರೆಸಿ, ಅಂಕಿ ಬರೆದುಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಬರುವ ಕೆಲಸ. ಅವನನ್ನು ಗುರುತು ಹಿಡಿಯುತ್ತಿದ್ದದ್ದು ನಾಯಿಗಳು ಮಾತ್ರ. ಹಳದಿ ಹೆಲ್ಮೆಟ್ ತೊಟ್ಟು ಮೂರನೆಯ ಮಹಡಿಯ ಕಿಟಕಿಯಲ್ಲಿ ಕಾಲು ಊರಿ ನಿಂತು ಹಗ್ಗ ಬಿಡುವ ತನ್ನನ್ನು ಅವನು ಮನಸ್ಸಿನಲ್ಲಿ ಎಷ್ಟೋ ಸಲ ಕೆಳಗಿನಿಂದ ನೋಡಿದ್ದ. ಮೊದಲ ಭಾನುವಾರ ತರಬೇತುದಾರ ಸಾಲಿನಲ್ಲಿ ನಿಂತವರನ್ನೆಲ್ಲ ಕಣ್ಣಲ್ಲೇ ತೂಗುತ್ತ ಬಂದು ಅವನೆದುರು ನಿಂತ. 'ನೀವು ಮಲಗಿ,' ಎಂದ. ಹಗ್ಗದವರಿಗೆ ಬೇಗ ಸುಸ್ತಾಗಬಾರದೆಂದು ಎಲ್ಲರಿಗಿಂತ ಹಗುರಾದವನನ್ನೇ ಗಾಯಾಳು ಮಾಡಿ ಸ್ಟ್ರೆಚರಿಗೆ ಕಟ್ಟುವುದು ಅಲ್ಲಿನ ಪದ್ಧತಿ. ಅಂದು ಮಲಗಿದವನು ವರ್ಷಗಟ್ಟಲೆ ಏಳಲಿಲ್ಲ. ಜೊತೆಗೆ ಸೇರಿದವರೆಲ್ಲ ಗಂಟು ಕಲಿತರು, ಏಣಿ ಕಲಿತರು, ತೋಳುಪಟ್ಟಿಗೆ ಒಂದೊಂದು ಗೆರೆ ಹೆಚ್ಚಿಸಿಕೊಂಡರು. ಅವನು ಕಲಿತದ್ದು ಅವರೆಲ್ಲರ ಮೂಗಿನ ಹೊಳ್ಳೆಗಳು ಕೆಳಗಿನಿಂದ ಹೇಗೆ ಕಾಣುತ್ತವೆ ಎನ್ನುವುದನ್ನು. 'ಏನ್ರೀ ಗಾಯಾಳು, ಎದ್ದು ಓಡಾಡ್ತಿದ್ದೀರಾ? ಪರವಾಗಿಲ್ವೇ!' ಎಂದು ಜೊತೆಗೆ ಸೇರಿದ್ದ ಬೇಕರಿಯವನು ಗಿರಾಕಿಗಳ ಎದುರಿಗೇ ಕೂಗುತ್ತಿದ್ದ. ಹೆಸರು ದಳದಿಂದ ಬೀದಿಗಿಳಿದು, ಬೀದಿಯಿಂದ ಮನೆಗಳಿಗೆ ಹೊಕ್ಕು, ಒಂದು ದಿನ ಅವನು ಮೀಟರು ನೋಡಲು ಹೋದಲ್ಲಿ ಒಬ್ಬ ಗೃಹಿಣಿ ಒಳಗೆ ತಿರುಗಿ, 'ಗಾಯಾಳು ಬಂದಿದಾರೆ, ಗೇಟ್ ತೆಗೀರೋ,' ಎಂದಳು. ಅವಳ ದನಿಯಲ್ಲಿ ಹಾಸ್ಯವಿರಲಿಲ್ಲ. ಅದೇ ಅವನ ಹೆಸರು ಎಂದು ಅವಳು ತಿಳಿದಿದ್ದಳು.

ಬಚ್ಚಲಲ್ಲಿ ಅಣ್ಣ ಕಾಲು ಜಾರಿ ಬಿದ್ದದ್ದು ಅದಾದ ಕೆಲವೇ ದಿನಗಳಲ್ಲಿ. ಅವನು ಓಡಿಹೋಗಿ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಅಣ್ಣ ಎಷ್ಟು ಸಲೀಸಾಗಿ ಎದ್ದು ಬಂದನೆಂದರೆ ಎತ್ತಿದವನೇ ಹಿಂದಕ್ಕೆ ಮುಗ್ಗರಿಸಿದ. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಅದಕ್ಕಿಂತ ಒಂದು ಗಳಿಗೆ ಮೊದಲು ಬೇರೊಂದು ಅನ್ನಿಸಿತ್ತು: ಇವನು ನನಗಿಂತ ಹಗುರ. ಒದ್ದೆ ಬೆನ್ನನ್ನು ಟವೆಲಿನಿಂದ ಒರೆಸುತ್ತ ಅವನು ಆ ಮಾತನ್ನು ಹಿಂದಕ್ಕೆ ತಳ್ಳಿ ಅಯ್ಯೋ ಎನ್ನುವುದನ್ನು ಮುಂದಕ್ಕೆ ತರಲು ನೋಡಿದ. ಆಗಲಿಲ್ಲ. ಮುಂದಿನ ಭಾನುವಾರ ಅಣ್ಣ ಅವನ ಪಕ್ಕದಲ್ಲಿ ತರಬೇತಿಯ ಅಂಗಳದಲ್ಲಿ ನಿಂತಿದ್ದ. ಮಾತಿಗೊಮ್ಮೆ ಸೀಟಿ ಊದುತ್ತಿದ್ದುದರಿಂದ ಎಲ್ಲರೂ ಹಿಂದಿನಿಂದ ಸೀಟಿ ಎಂದೇ ಕರೆಯುತ್ತಿದ್ದ ತರಬೇತುದಾರ ಅಣ್ಣನನ್ನು ಸುತ್ತು ಹಾಕಿ ನೋಡಿ, 'ಭೇಷ್! ಎಲ್ಲಿ ಸಿಕ್ಕಿದ್ರು ಇವರು?' ಎಂದು ಕೇಳಿದ. 'ನಮ್ಮಣ್ಣ,' ಎಂದ ಅವನು. ಅಣ್ಣ ಕೈ ಮುಗಿದು, 'ಮನೇಲಿ ಕೂತು ಕೂತು ಸಾಕಾಗಿದೆ ಸಾರ್, ಏನಾದ್ರೂ ಕೆಲಸ ಕೊಡಿ,' ಎಂದ. ಬೇಕರಿಯವನು ಹಿಂದಿನಿಂದ, 'ಕೆಲಸ ಸುಲಭ ಬಿಡಿ, ನಿಮ್ಮ ಮನೆತನದ್ದೇ,' ಎಂದ. ನಗು ಎದ್ದಿತು. ಆ ನಗುವಿನಲ್ಲಿ ಮೊದಲ ಸಲ ಅವನೂ ಸೇರಿದ್ದ. ಈವರೆಗೆ ಅಣ್ಣನನ್ನು ಮಲಗಿಸಿ ಹೊತ್ತದ್ದೆಲ್ಲ ನೆಲದ ಮೇಲೆ, ಎದೆಗೊಂದು ಪಟ್ಟಿ ಸುತ್ತಿ, ಕೈ ಹೊರಗೆ ಬಿಟ್ಟು. ಮೂರನೆಯ ಮಹಡಿಯಿಂದ, ಪೂರ್ತಿ ಕಟ್ಟಿ ಇಳಿಸುವುದು ಇವತ್ತೇ ಮೊದಲು. ನೋಡಲು ಸರ್ಕಾರದ ದೊಡ್ಡ ಅಧಿಕಾರಿ ಬರುವವರಿದ್ದರು. ಇವತ್ತು ಸರಿಯಾಗಿ ಇಳಿಸಿದವನು ಹಗ್ಗದಲ್ಲೇ ಉಳಿಯುತ್ತಾನೆ ಎಂದು ಸೀಟಿ ಹೇಳಿದ್ದ.

ಅಗ್ನಿಶಾಮಕ ಠಾಣೆಯ ಹಿಂದೆ, ಯಾವುದೋ ಇಲಾಖೆ ಬಿಟ್ಟುಹೋದ ಹಳೆಯ ಕಟ್ಟಡ. ಕಿಟಕಿಗಳಿಗೆ ಬಾಗಿಲಿಲ್ಲ. ಒಳಗೆ ಗೋಡೆಗಳ ಮೇಲೆ ಕಪಾಟುಗಳು ನಿಂತಿದ್ದ ಕಡೆಯಲ್ಲೆಲ್ಲ ಬಣ್ಣ ಇನ್ನೂ ಹೊಸದಾಗಿತ್ತು. ಮೆಟ್ಟಿಲ ಕೆಳಗೆ ಪಾರಿವಾಳದ ಹಿಕ್ಕೆ, ಒಡೆದ ಕುರ್ಚಿ. ಬಿದ್ದ ಮನೆಯಲ್ಲಿ ಮೊದಲು ಹುಡುಕಬೇಕಾದದ್ದು ಮೆಟ್ಟಿಲ ಕೆಳಗೆ ಎಂದು ಪಾಠದಲ್ಲಿತ್ತು, ಜನ ಅಲ್ಲೇ ಹೋಗಿ ಅವಿತುಕೊಳ್ಳುತ್ತಾರಂತೆ. ಹೊರಗೆ ಪೆಂಡಾಲು ಹಾಕಿ ಕುರ್ಚಿ ಜೋಡಿಸಿದ್ದರು. ಮೈಕಿನ ಮುಂದೆ ಹೈಸ್ಕೂಲಿನ ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪ್ರದರ್ಶನವನ್ನು ಜನರಿಗೆ ವಿವರಿಸುವ ಕೆಲಸ ಅವರದು, ಅವರಿಗೆ ಅದು ಬಹಳ ಇಷ್ಟವೂ ಹೌದು. ಅಣ್ಣ ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು ಸುಧಾರಿಸಿಕೊಂಡ. ಹಿಂದಿನಿಂದ ಬರುತ್ತಿದ್ದ ಅಂಚೆಯವನು, 'ಹೊತ್ಕೊಂಡು ಹೋಗ್ಲಾ? ಹೇಗಿದ್ರೂ ಗಾಯ ಆಗಿದೆಯಲ್ಲ,' ಎಂದ. ಅಂಚೆಯವನಿಗೆ ಇವತ್ತು ಕೆಲಸವಿರಲಿಲ್ಲ. ಹಗ್ಗದ ನಾಲ್ವರಲ್ಲಿ ಯಾರಾದರೂ ಕೈಕೊಟ್ಟರೆ ಇರಲಿ ಎಂದು ಅವನನ್ನು ಮೇಲೆ ನಿಲ್ಲಿಸಿದ್ದರು. ಆದರೂ ಅವನು ಆಗಲೇ ಕೈಗವಸು ಹಾಕಿಕೊಂಡಿದ್ದ. ಆ ಕೈಗವಸು ಕಂಡಾಗಿನಿಂದ ತಮ್ಮನಿಗೆ ನೆಮ್ಮದಿ ಇರಲಿಲ್ಲ.

ಅಣ್ಣನನ್ನು ಕಂಬಳಿಯ ಮೇಲೆ ಮಲಗಿಸಿ ಕಟ್ಟುವ ಕೆಲಸವನ್ನು ಅವನೇ ಕೇಳಿ ತೆಗೆದುಕೊಂಡ. ಆ ಗಂಟುಗಳೆಲ್ಲ ಅವನಿಗೆ ಮೈಯಿಂದ ಗೊತ್ತಿದ್ದವು: ಯಾವುದು ಬಿಗಿದರೆ ಉಸಿರು ಎಲ್ಲಿವರೆಗೆ ಹೋಗುತ್ತದೆ, ಯಾವುದು ಸಡಿಲಾದರೆ ಮೊಣಕಾಲು ಜಾರುತ್ತದೆ. ಪಾದಕ್ಕೊಂದು, ಮಂಡಿಗೊಂದು. ಸೊಂಟದ ಹತ್ತಿರ ಬಂದಾಗ ಅಣ್ಣ ಮೆಲ್ಲಗೆ, ಉಳಿದವರಿಗೆ ಕೇಳಿಸದ ಹಾಗೆ, 'ಪುಟ್ಟ, ಕೈ ಹೊರಗೇ ಇರ್ಲಿ,' ಎಂದ.

'ಒಳಗಿರಬೇಕು. ಗೋಡೆಗೆ ತಗುಲುತ್ತೆ.'

'ಎದೆ ಮೇಲಿಟ್ಕೊಂಡಿರ್ತೀನಿ. ಅಲ್ಲಾಡಿಸಲ್ಲ.'

'ಒಂದೈದು ನಿಮಿಷ ಅಷ್ಟೆ.'

'ಪುಟ್ಟ, ನಿನಗೆ ಗೊತ್ತಲ್ಲ.'

ಗೊತ್ತಿತ್ತು. ಆಪರೇಷನ್ ಆದಾಗ ಆಸ್ಪತ್ರೆಯ ವಾರ್ಡಿನಲ್ಲಿ ಮಧ್ಯಾಹ್ನದ ಬಿಸಿಲು ಮಂಚದ ಕಬ್ಬಿಣದ ಮೇಲೆ ಬಿದ್ದು ಕಣ್ಣು ಚುಚ್ಚುತ್ತಿತ್ತು. ಅಣ್ಣ ಜ್ವರದಲ್ಲಿ ಮೂಗಿನ ಪೈಪನ್ನು ಕಿತ್ತುಕೊಳ್ಳುತ್ತಾನೆ ಎಂದು ಆಯಾ ಬ್ಯಾಂಡೇಜು ಬಟ್ಟೆ ತಂದು, 'ನೀವೇ ಕಟ್ಟಿ, ನೀವಾದ್ರೆ ಸುಮ್ಮನಿರ್ತಾರೆ,' ಎಂದಿದ್ದಳು. ಅವಳು ಹೇಳಿದ್ದು ನಿಜ. ಅಣ್ಣ ಸುಮ್ಮನಿದ್ದ. ತಮ್ಮ ಕಟ್ಟುತ್ತಿದ್ದಾನೆ ಎಂದರೆ ಏನೋ ಕಾರಣ ಇರಬೇಕು ಎಂಬಂತೆ, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ, ತಾನಾಗಿಯೇ ಕಂಬಿಯ ಹತ್ತಿರ ತಂದುಕೊಟ್ಟ. ಕಟ್ಟಿದ ಮೇಲೆ ಅವನು ಕ್ಯಾಂಟೀನಿಗೆ ಹೋಗಿ ಕೂತ. ಒಂದು ಕಾಫಿ ಕುಡಿದು ಬರುತ್ತೇನೆಂದು ಹೋದವನು ಯಾರೋ ಬಿಟ್ಟುಹೋದ ಹಳೆಯ ಪತ್ರಿಕೆಯನ್ನು, ಬೇಕಾಗಿದ್ದಾರೆ ಜಾಹೀರಾತುಗಳೂ ಸೇರಿ, ಎರಡು ಸಲ ಓದಿದ. ಹಿಂದಿರುಗಿದಾಗ ಅಣ್ಣನ ಮಣಿಕಟ್ಟಿನ ಚರ್ಮ ಸುಲಿದಿತ್ತು. 'ಎಲ್ಲಿಗೆ ಹೋಗಿದ್ದೆ? ಕರೆದೆ, ಕರೆದೆ,' ಎಂದ ಅಣ್ಣ. ಅದಾದ ಮೇಲೆ ಅಣ್ಣ ಹೊದಿಕೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೂ ಎದ್ದು ಕೂರುತ್ತಾನೆ. ಅತ್ತಿಗೆ ತಮಾಷೆಗೆ ಬಳೆ ತೊಡಿಸುವ ಹಾಗೆ ಅವನ ಮಣಿಕಟ್ಟು ಹಿಡಿದರೂ ಬಿಡಿಸಿಕೊಂಡು ಬೆವರುತ್ತಾನೆ. ಇಷ್ಟನ್ನೂ ಸೀಟಿಗೆ ಹೇಳಬೇಕಾಗಿರಲಿಲ್ಲ. ಕೈ ಕಟ್ಟಿದರೆ ಇವರಿಗೆ ಆಗುವುದಿಲ್ಲ ಸಾರ್ ಎಂಬ ಒಂದು ಮಾತು ಸಾಕಾಗಿತ್ತು. ಸೀಟಿ ಒಳ್ಳೆಯವನೇ, ಕೋಪ ಮಾಡಿಕೊಳ್ಳುತ್ತಿರಲಿಲ್ಲ. 'ಅದಕ್ಕೇನಂತೆ, ಹಾಗಾದ್ರೆ ನೀವೇ ಮಲಗಿ,' ಎನ್ನುತ್ತಿದ್ದ. ಅಂಚೆಯವನು ಗೋಡೆಗೊರಗಿ ನಿಂತು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಕೂರಿಸಿಕೊಳ್ಳುತ್ತಿದ್ದ. ಅದನ್ನು ನೋಡುತ್ತಲೇ ಅವನು ಅಣ್ಣನ ಬಲಗೈಯನ್ನು ಎತ್ತಿ ಕಂಬಳಿಯೊಳಗೆ ಇಟ್ಟ. ಆಮೇಲೆ ಎಡಗೈಯನ್ನು. ಅಣ್ಣ ಕೈ ಬಿಗಿಹಿಡಿಯಲಿಲ್ಲ, ಎಳೆದುಕೊಳ್ಳಲಿಲ್ಲ. ಈ ಸಲವೂ ಇಟ್ಟ ಕಡೆ ಇಟ್ಟುಕೊಂಡ. ಅದು ಅವನಿಗೆ ಸಿಟ್ಟು ತರಿಸಿತು. ಒಂದಿಷ್ಟು ಒದ್ದಾಡಿದ್ದರೆ ಎಲ್ಲರಿಗೂ ಕಾಣುತ್ತಿತ್ತು, ಯಾರಾದರೂ ಕೇಳುತ್ತಿದ್ದರು, ಅವನು ಹೇಳಬೇಕಾಗಿಯೇ ಇರಲಿಲ್ಲ. ಆ ಸಿಟ್ಟಿನಲ್ಲೇ ಸೊಂಟದ ಗಂಟನ್ನೂ ಎದೆಯ ಗಂಟನ್ನೂ, ತನಗೆ ಯಾರೂ ಎಂದೂ ಬಿಗಿಯದಷ್ಟು ಬಿಗಿದ.

ಸ್ಟ್ರೆಚರಿನ ನಾಲ್ಕು ಮೂಲೆಗೆ ನಾಲ್ಕು ಹಗ್ಗ. ಕಾಲಿನ ಕಡೆಗೆ ಔಷಧದಂಗಡಿಯವನು ಮತ್ತು ಡ್ರೈವಿಂಗ್ ಸ್ಕೂಲಿನ ಯಜಮಾನ. ತಲೆ ಕಡೆ ಬಲಕ್ಕೆ ಬೇಕರಿಯವನು, ಎಡಕ್ಕೆ ಅವನು. ನಾಲ್ವರೂ ಒಂದೇ ಸಮ ಬಿಡಬೇಕು. ತಲೆ ಕಡೆಯವರ ಜವಾಬ್ದಾರಿ ಹೆಚ್ಚು, ಏಕೆಂದರೆ ಭಾರವೆಲ್ಲ ಅಲ್ಲಿರುತ್ತದೆ. ಯಾರಿಗೇ ಅಪಾಯ ಕಂಡರೂ 'ನಿಲ್ಲಿ' ಎನ್ನಬಹುದು, ಅಂದ ಕೂಡಲೇ ಎಲ್ಲರೂ ತಡೆದು ಗಾಯಾಳುವನ್ನು ಹತ್ತಿರದ ಕಿಟಕಿಯಿಂದ ಒಳಕ್ಕೆ ತೆಗೆದುಕೊಳ್ಳಬೇಕು ಎಂಬುದು ನಿಯಮ. ಆ ಮಾತನ್ನು ಈವರೆಗೆ ಆಡಿದವನು ಒಬ್ಬನೇ, ಗಡಿಯಾರ ರಿಪೇರಿಯವನು. ಕಿವಿಯ ಹತ್ತಿರ ಕಣಜದ ಹುಳು ಬಂದಿತೆಂದು ಕೂಗಿ ಈಗಲೂ ನೀರಿನ ಬಕೆಟ್ ದಾಟಿಸುವ ಸಾಲಿನಲ್ಲಿದ್ದಾನೆ. ಸೀಟಿ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, 'ಬಿಡಿ,' ಎಂದ. ಸ್ಟ್ರೆಚರು ಅಂಚು ದಾಟಿತು. ಅಣ್ಣನ ಮುಖ ಒಂದು ಸಲ ಅವನ ಕಡೆ ತಿರುಗಿ, ಕಿಟಕಿಯ ಕೆಳಗಿನ ಗೋಡೆಗೆ ಮರೆಯಾಯಿತು. ಅದರ ಬದಲು ಅಂಗೈಯಲ್ಲಿ ಭಾರ ಬಂದು ಕೂತಿತು. ಎಷ್ಟು ವರ್ಷ ಅವನು ಆ ಹಗ್ಗದ ಇನ್ನೊಂದು ತುದಿಯಲ್ಲಿದ್ದ! ಈ ತುದಿ ಹೀಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಭುಜ ತಾನಾಗಿ ಅಗಲವಾಯಿತು. ಕಾಲು ನೆಲವನ್ನು ಕಚ್ಚಿ ಹಿಡಿಯಿತು. ಕೆಳಗೆ ಮೈಕು, 'ಈಗ ನೋಡಿ, ನಮ್ಮ ವೀರ ಸ್ವಯಂಸೇವಕರು,' ಎಂದಿತು. ಆ ಮಾತಿನೊಳಗೆ ತಾನಿದ್ದೇನೆ ಎಂದು ಅವನಿಗೆ ಅನ್ನಿಸಿದ್ದು ಇದೇ ಮೊದಲು.

ನಡುಕ ಹಗ್ಗದಲ್ಲಿ ಬಂತು. ಮೊದಲು ಅವನು ಅದನ್ನು ತನ್ನ ಕೈಯದೇ ಎಂದುಕೊಂಡ. ಗೋಡೆಯಾಚೆ ನಿಂತ ಲಾರಿಯ ಇಂಜಿನ್ನು ಗೋಡೆಯೊಳಗೆ ಗೊತ್ತಾಗುವ ಹಾಗೆ, ನಾರು ನಾರಿನಲ್ಲೂ ಸಣ್ಣಗೆ, ಬಿಡದೆ. ಬೇಕರಿಯವನಿಗೆ ಗೊತ್ತಾಯಿತೇ ಎಂದು ಓರೆಗಣ್ಣಿನಲ್ಲಿ ನೋಡಿದ. ಬೇಕರಿಯವನು ದವಡೆ ಬಿಗಿದು ಕೆಳಗಿನ ಕುರ್ಚಿಗಳಲ್ಲಿ ತನ್ನ ಹೆಂಡತಿಯನ್ನು ಹುಡುಕುತ್ತಿದ್ದ. ಆಮೇಲೆ ಕೂಗು. ಅದು ಅಣ್ಣನ ದನಿಯ ಹಾಗಿರಲಿಲ್ಲ. ಎತ್ತರದ, ತೆಳ್ಳಗಿನ, ಮಗು ನಿದ್ದೆಯಲ್ಲಿ ಹೆದರಿದಾಗ ಬರುವಂಥದ್ದು. ಕುರ್ಚಿಗಳು ಒಂದು ಕ್ಷಣ ಸ್ತಬ್ಧವಾದವು. ಮೇಷ್ಟ್ರು ಮಾತ್ರ ಸ್ತಬ್ಧರಾಗಲಿಲ್ಲ. 'ಗಾಯಾಳುವಿನ ನರಳಾಟ ಎಷ್ಟು ಸಹಜವಾಗಿದೆ ಗಮನಿಸಿ!' ಎಂದರು. ಅಷ್ಟು ಸಾಕಾಯಿತು, ಜನ ನಿರಾಳವಾಗಿ ಉಸಿರು ಬಿಟ್ಟು ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು.

'ಏನ್ರೀ, ನಿಮ್ಮಣ್ಣ ನಾಟಕದಲ್ಲಿದ್ರಾ?' ಎಂದ ಬೇಕರಿಯವನು.

'ಮೊದಲಿಂದಲೂ ಹಾಗೇ,' ಎಂದ ಅವನು. 'ಸಣ್ಣದಕ್ಕೂ ದೊಡ್ಡ ಸದ್ದು.'

ಹಾಗೆ ಹೇಳಿ ನಕ್ಕ. ಹೊಲಿಗೆ ಬಿಚ್ಚುವಾಗ ಅಣ್ಣ ಹಲ್ಲು ಕಚ್ಚಿ ಚಾವಣಿ ನೋಡುತ್ತಿದ್ದದ್ದನ್ನು ಕಂಡವನು ಅವನೇ. ಮೂಟೆ ಜಾರಿ ಹೆಬ್ಬೆರಳು ಜಜ್ಜಿದ ದಿನ ಮನೆಗೆ ಬಂದು, ಊಟ ಮುಗಿಸಿ, ಆಮೇಲೆ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದ ಅಣ್ಣ.

'ತಡೆ!' ಎಂದ ಸೀಟಿ. ಎಲ್ಲರೂ ತಡೆದರು. ಕೆಳಗಿನಿಂದ ಫೋಟೋದವನು ಎರಡೂ ಕೈ ಎತ್ತಿ, ಹಾಗೇ ಇರಲಿ, ಹಾಗೇ ಇರಲಿ ಎನ್ನುತ್ತಿದ್ದ. ದೊಡ್ಡ ಅಧಿಕಾರಿಯೂ ಚಿತ್ರದಲ್ಲಿ ಬರಬೇಕೆಂದು ಅವರನ್ನು ಪೆಂಡಾಲಿನಿಂದ ಎಬ್ಬಿಸಿ ಕರೆತರುತ್ತಿದ್ದರು. ಅಧಿಕಾರಿ ನಿಧಾನವಾಗಿ ನಡೆದುಬಂದು, ಯಾರೋ ಕೊಟ್ಟ ಹೆಲ್ಮೆಟನ್ನು ಹಾಕಿಕೊಂಡು, ಅದು ದೊಡ್ಡದಾಯಿತೆಂದು ಇನ್ನೊಂದನ್ನು ತರಿಸಿ ಹಾಕಿಕೊಂಡು, ಮೇಲಕ್ಕೆ ಬೆರಳು ತೋರಿಸುತ್ತ ನಿಂತರು. ಅಷ್ಟು ಹೊತ್ತೂ ಸ್ಟ್ರೆಚರು ಗೋಡೆಯ ಅರ್ಧದಲ್ಲಿ ತೂಗುತ್ತಿತ್ತು. 'ಪುಟ್ಟಾ! ಬಿಚ್ಚೋ! ಕೈ ಬಿಚ್ಚೋ ಪುಟ್ಟಾ!' ಮೈಕು ಹೇಳಿತು: 'ಆಪತ್ತಿನ ಹೊತ್ತಿನಲ್ಲಿ ಮನುಷ್ಯ ತನ್ನ ಮಕ್ಕಳನ್ನೇ ನೆನೆಯುತ್ತಾನೆ, ಕೇಳಿ.' ಹೆಂಗಸರ ಸಾಲಿನಿಂದ ಅಯ್ಯೋ ಪಾಪ ಎಂಬ ಮೆಚ್ಚುಗೆ ಬಂತು. 'ನಿಲ್ಲಿ' ಎಂಬ ಮಾತು ಅವನ ನಾಲಗೆಯ ಮೇಲೆ, ಬಾಯಲ್ಲಿಟ್ಟು ಮರೆತ ಗುಂಡಿಯ ಹಾಗೆ, ಗಟ್ಟಿಯಾಗಿ, ರುಚಿಯಿಲ್ಲದೆ ಕೂತಿತ್ತು. ಗಾಯಾಳುವಿನ ಜೊತೆ ಬಿಡದೆ ಮಾತಾಡುತ್ತಿರಬೇಕು, ಇಲ್ಲಿದ್ದೇನೆ ಎನ್ನುತ್ತಿರಬೇಕು. ಅದು ದಳದ ಮೊದಲ ಪಾಠ. ಅದನ್ನೂ ಅವನು ಮಾಡಲಿಲ್ಲ, ಮಾಡಿದರೆ ಪುಟ್ಟ ಎಂದರೆ ಯಾರು ಎಂದು ಉಳಿದ ಮೂವರಿಗೆ ತಿಳಿಯುತ್ತಿತ್ತು. ಅವನು ಆತುರಾತುರವಾಗಿ ನೆನಪಿನೊಳಗೆ ಹುಡುಕತೊಡಗಿದ. ಒಂದು ಏಟು ಸಾಕಾಗಿತ್ತು, ಅಣ್ಣ ಅನ್ಯಾಯವಾಗಿ ಹೊಡೆದ ಒಂದೇ ಒಂದು ಏಟು. ಅದನ್ನು ಹಿಡಿದುಕೊಂಡು ಈ ಫೋಟೋ ಮುಗಿಯುವವರೆಗೆ ನಿಲ್ಲಬಹುದಾಗಿತ್ತು. ಸಿಕ್ಕಿತು. ಪೇಟೆಯ ನಡುರಸ್ತೆಯಲ್ಲಿ, ಅಷ್ಟು ಜನರೆದುರು, ಕಪಾಳಕ್ಕೆ. ಕೆನ್ನೆಯ ಉರಿ ಕೂಡ ಈಗ ನೆನಪಾಯಿತು, ಅವನು ಅದನ್ನು ಕೃತಜ್ಞತೆಯಿಂದ ಬಾಚಿಕೊಂಡ. ಆದರೆ ಉರಿಯ ಹಿಂದೆಯೇ ಉಳಿದದ್ದೂ ಬಂತು: ಕೈ ಬಿಡಿಸಿಕೊಂಡು ಓಡಿದ ತಾನು, ಲಾರಿಯ ಬ್ರೇಕಿನ ಕಿರುಚು, ಅಂಗಿಯ ಹಿಂಭಾಗ ಹಿಡಿದು ಸೆಳೆದ ಕೈ, ಹೊಡೆದ ಮೇಲೆ ಅಲ್ಲೇ ಕುಕ್ಕರಿಸಿ ತನ್ನನ್ನು ತಬ್ಬಿಕೊಂಡು ಅಳುತ್ತಿದ್ದ ಅಣ್ಣ, ಅಣ್ಣನಿಗೂ ಆಗ ಮೀಸೆ ಮೂಡಿರಲಿಲ್ಲ. ಎಲ್ಲಿ ಕೈ ಹಾಕಿದರೂ ಇಂಥದ್ದೇ. ಈ ಮನುಷ್ಯ ತನಗೆ ಒಂದು ತಪ್ಪನ್ನೂ ಉಳಿಸಿಲ್ಲವಲ್ಲ ಎಂದು ಅವನಿಗೆ ದ್ವೇಷ ಉಕ್ಕಿತು. 'ಬಿಡಿ,' ಎಂದ ಸೀಟಿ. ಕೆಳಗೆ, 'ಪುಟ್ಟಾ, ಅಲ್ಲೇ ಇದೀಯಾ?' ಅಂಗೈ ತಾನಾಗಿ ಸಡಿಲಾಯಿತೋ, ಅವನು ಸಡಿಲಿಸಿದನೋ. ಹಗ್ಗ ಒಂದು ಮೊಳದಷ್ಟು ಸರ್ರನೆ ಹೋಯಿತು. ತಲೆ ಕಡೆ ಧಡಕ್ಕನೆ ವಾಲಿತು. ಜನರ ಬಾಯಿಂದ ಹಾ ಎಂಬ ಒಂದೇ ಸದ್ದು. 'ತಲೆ ಎಡ, ಹುಷಾರ್!' ಎಂದು ಸೀಟಿ ಕೂಗಿದ. ಅವನು ಹಿಡಿದ, ಎಳೆದ, ಸಮ ಮಾಡಿದ. ಆಮೇಲೆ ಕೆಳಗೆ ಮುಟ್ಟುವವರೆಗೂ ಅಣ್ಣ ಕೂಗಲಿಲ್ಲ. ಹಗ್ಗವೂ ನಡುಗಲಿಲ್ಲ. ಒಂದು ಮೂಟೆ ಇಳಿಸಿದ ಹಾಗೆ ಸಲೀಸಾಗಿ ಇಳಿಯಿತು, ಮತ್ತು ಅವನಿಗೆ ಆದದ್ದು ಸಮಾಧಾನ.

ಮೆಟ್ಟಿಲಿಳಿದು ಬರುವುದನ್ನು ಅವನು ಎಷ್ಟು ತಡಮಾಡಬಹುದೋ ಅಷ್ಟು ತಡಮಾಡಿದ. ಪ್ರಥಮ ಚಿಕಿತ್ಸೆಯವರ ಬೆಂಚಿನ ಮೇಲೆ ಅಣ್ಣ ಕುತ್ತಿಗೆಯವರೆಗೆ ಕಂಬಳಿ ಹೊದ್ದು ಕೂತಿದ್ದ. ಪಕ್ಕದಲ್ಲಿ ಟೈಲರಮ್ಮ, ಅಂಗಡಿಯಲ್ಲಿ ರವಿಕೆ ಹೊಲಿಯುವ ಅವಳಿಗೆ ದಳದಲ್ಲಿ ಬ್ಯಾಂಡೇಜಿನ ಕೆಲಸ. ಅವಳು ಎದ್ದುಬಂದು ತಗ್ಗಿದ ದನಿಯಲ್ಲಿ, 'ಪ್ಯಾಂಟು ಒದ್ದೆಯಾಗಿದೆ. ಕಂಬಳಿ ತೆಗೀಬೇಡಿ. ಯಾರಾದ್ರೂ ಕೇಳಿದ್ರೆ ನಾನೇ ನೀರು ಚೆಲ್ಲಿದೆ ಅಂತೀನಿ,' ಎಂದಳು. ಆಮೇಲೆ ಅವನ ಮುಖವನ್ನೇ ನೋಡಿದಳು. 'ಅಷ್ಟು ಕೂಗಿದ್ರಲ್ಲ, ಮೇಲೆ ನಿಮಗೆ ಕೇಳಿಸ್ಲಿಲ್ವಾ?'

'ಗಾಳಿ ಇತ್ತು,' ಎಂದ ಅವನು.

ಅಂಗಳದಲ್ಲಿ ಒಂದು ಕಾಗದದ ಚೂರೂ ಅಲುಗುತ್ತಿರಲಿಲ್ಲ. ಅಣ್ಣ ತಲೆಯೆತ್ತಿ ಅವನನ್ನು ನೋಡಿ ಮತ್ತೆ ನೆಲ ನೋಡಿದ. ಆ ಹೊತ್ತಿಗೆ ಅಧಿಕಾರಿ, ಹೆಲ್ಮೆಟಿನೊಡನೆಯೇ, ಸೀಟಿಯ ಜೊತೆ ಅಲ್ಲಿಗೆ ಬಂದರು. 'ಕೂತಿರಿ, ಕೂತಿರಿ. ಎಂಥ ನಟನೆ ರೀ! ನನಗೇ ಮೈ ಜುಂ ಅಂತು,' ಎಂದರು. 'ರಾಜ್ಯಮಟ್ಟದ ಪ್ರದರ್ಶನಕ್ಕೆ ಈ ತಂಡಾನೇ ಕಳಿಸಿ. ಇವರು ಇರ್ಲೇಬೇಕು.' ಸೀಟಿ ಅವನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿ, 'ಇವರ ತಮ್ಮ ಸಾರ್. ನಮ್ಮ ಹಗ್ಗದವರು,' ಎಂದ. ನಮ್ಮ ಹಗ್ಗದವರು. ಬೆನ್ನಿನಿಂದ ಹೊರಟ ಬಿಸಿ ಕಿವಿಯವರೆಗೆ ಏರಿತು. ತಡೆಯಲು ನೋಡಿದ, ಮುಖ ಅವನ ಮಾತು ಕೇಳದೆ ಅರಳಿತು. ಅಧಿಕಾರಿ ಕೈ ಚಾಚಿದರು. ಕುಲುಕುವುದಕ್ಕೆ ಅಣ್ಣ ಕಂಬಳಿಯೊಳಗಿಂದ ಕೈ ತೆಗೆಯಬೇಕಾಯಿತು. ಮಣಿಕಟ್ಟಿನ ಮೇಲೆ ಹಗ್ಗದ ಗುರುತು ಕೆಂಪಗೆ ಎದ್ದಿತ್ತು. ಅವನು ಕಾದ. ಬರೋದಿಲ್ಲ ಎಂದು ಅಣ್ಣ ಒಂದು ಮಾತು ಅಂದರೆ ಮುಗಿಯಿತು, ಮುಂದಿನ ಭಾನುವಾರ ತಾನು ಮತ್ತೆ ಕಂಬಳಿಯ ಮೇಲೆ. ಅನ್ನಲಿ ಎಂದೂ ಒಳಗೆ ಎಲ್ಲೋ ಆಸೆಯಿತ್ತು, ಅನ್ನದಿರಲಿ ಎಂಬ ಆಸೆಯ ಕಾಲಡಿಯಲ್ಲಿ. 'ಬರ್ತೀನಿ ಸಾರ್,' ಎಂದ ಅಣ್ಣ. ಕೈಯನ್ನು ಮತ್ತೆ ಕಂಬಳಿಯೊಳಗೆ ಎಳೆದುಕೊಂಡು, 'ಇವನು ಮೇಲಿದ್ದಾನಲ್ಲ,' ಎಂದ.

ಇಬ್ಬರೂ ಮನೆಯ ದಾರಿ ಹಿಡಿದರು. ಅಣ್ಣನ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಳ್ಳುತ್ತ ಅವನು ಕ್ಷಮೆಯ ಒಂದೆರಡು ವಾಕ್ಯಗಳನ್ನು ಜೋಡಿಸಿದ, ಯಾವುದೂ 'ಆದರೆ' ಇಲ್ಲದೆ ಮುಗಿಯಲಿಲ್ಲ. ಅವರಿಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಅಣ್ಣನ ಮಗಳು ಬಾಗಿಲಲ್ಲೇ ಕುಣಿಯುತ್ತಿದ್ದಳು. 'ಅಪ್ಪಾ, ನೀನು ಕೂಗಿದ್ದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದ್ರಂತೆ! ಪಕ್ಕದ್ಮನೆಯವರು ಹೇಳಿದ್ರು!' ಅಣ್ಣ ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು, ಒದ್ದೆ ಪ್ಯಾಂಟನ್ನು ತಾನೇ ಒಗೆದು ಹಿಂಡಿ ಹರವಿ ಬಂದು ಕೂತ. ಅತ್ತಿಗೆಯ ಮುಖದಲ್ಲಿ ಬಹಳ ದಿನಗಳಿಂದ ಇಲ್ಲದ ಗೆಲುವು. 'ಅಲ್ಲ ರೀ, ಮನೇಲಿ ಎರಡು ಮಾತಾಡಬೇಕಾದ್ರೂ ನಾನೇ ಬಾಯಿ ಬಿಡಿಸಬೇಕು. ಅಷ್ಟು ಜನದ ಮುಂದೆ ಅದು ಹೇಗೆ ಕೂಗಿದ್ರಿ? ನಮಗೂ ಒಂದ್ಸಲ ತೋರ್ಸಿ.'

'ತೋರ್ಸು ಅಪ್ಪಾ!'

'ಬೇಡ ಅತ್ತಿಗೆ, ಸುಸ್ತಾಗಿದಾನೆ,' ಎಂದ ಅವನು.

'ಇರ್ಲಿ,' ಎಂದ ಅಣ್ಣ. ಎದ್ದು ಕೋಣೆಯ ನಡುವೆ ಹೋಗಿ ನಿಂತ. ತೋಳುಗಳನ್ನು ಎರಡೂ ಪಕ್ಕಕ್ಕೆ ಅಂಟಿಸಿಕೊಂಡು, ಕಾಲು ಜೋಡಿಸಿ, ಗಲ್ಲ ಮೇಲೆತ್ತಿ, 'ಪುಟ್ಟಾ, ಬಿಚ್ಚೋ. ಕೈ ಬಿಚ್ಚೋ,' ಎಂದ. ಪಾಠ ಒಪ್ಪಿಸಿದ ಹಾಗಿತ್ತು. ದನಿಯಲ್ಲಿ ಏರಿಳಿತವಿಲ್ಲ. ಇಷ್ಟು ಕೆಟ್ಟದಾಗಿ ನಟಿಸುವವನನ್ನು ಅವನು ಯಾವ ಶಾಲೆಯ ವಾರ್ಷಿಕೋತ್ಸವದಲ್ಲೂ ಕಂಡಿರಲಿಲ್ಲ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತಿಗೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. 'ಇಷ್ಟಕ್ಕೇನಾ ಚಪ್ಪಾಳೆ? ಇದಕ್ಕಿಂತ ಚೆನ್ನಾಗಿ ನಾನೇ ಕೂಗ್ತೀನಿ ಬಿಡಿ!' ಅಣ್ಣ ನಗಲಿಲ್ಲ. ತೋಳುಗಳನ್ನು ಹಾಗೆಯೇ ಅಂಟಿಸಿಕೊಂಡು, ಕಟ್ಟಿ ನಿಲ್ಲಿಸಿದವನಂತೆ ನಿಂತು, ಅವನ ಕಡೆಗೆ ತಿರುಗಿ ಕೇಳಿದ: 'ಅಲ್ಲೂ ಹೀಗೇ ಅಲ್ವೇನೋ ಕೂಗಿದ್ದು?'

ನಗು ನಿಲ್ಲಿಸಿ ತಾಯಿ ಮಗಳಿಬ್ಬರೂ ಅವನನ್ನು ನೋಡಿದರು.

'ಹೌದು,' ಎಂದ ಅವನು. 'ಹೀಗೇ.'

ಅಣ್ಣ ತಲೆಯಾಡಿಸಿದ. ತೋಳುಗಳನ್ನು ಸಡಿಲಬಿಟ್ಟು, ಮಣಿಕಟ್ಟನ್ನು ಒಂದು ಸಲ ಉಜ್ಜಿಕೊಂಡು, ಬಂದು ಅವನ ಪಕ್ಕದಲ್ಲೇ ಕೂತ.

'ಹಾಗಾದ್ರೆ ಮುಂದಿನ ಸಲ ಇನ್ನೂ ಸ್ವಲ್ಪ ಜೋರಾಗಿ ಕೂಗ್ತೀನಿ,' ಎಂದ. 'ಮೇಲಿರೋರಿಗೂ ಕೇಳಿಸಬೇಕಲ್ಲ.'